ಉಳ್ಳಾಗಡ್ಡಿ ಮತ್ತು ಇತರರು

ಮೊನ್ನೆ ಕಪಾಟಿನಿಂದ ನನ್ನ ಪಿಎಚ್.ಡಿ. ಪ್ರಬಂಧವನ್ನು ತೆಗೆದು ಕಡೆಯ ಪುಟ ಬಿಚ್ಚಿದವಳೇ ಒಂದರ ಹಿಂದೊಂದು ಮೂರು ಸಲ ಸೀನಿದೆ. ಧೂಳು ಎಂದುಕೊಂಡಿರಾ? ಅಲ್ಲ. ಧೂಳಿನ ಸೀನು ಬೇರೆ, ಒಣಮೆಣಸಿನಕಾಯಿಯ ಸೀನು ಬೇರೆ. ಧೂಳಿನದು ಮೂಗಿನ ತುದಿಯಲ್ಲೇ ಮುಗಿದುಹೋಗುತ್ತದೆ. ಮೆಣಸಿನಕಾಯಿಯದು ಗಂಟಲಿನಿಂದ ಎದ್ದು ಕಣ್ಣಲ್ಲಿ ನೀರು ತರಿಸಿಯೇ ಬಿಡುತ್ತದೆ. ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಪ್ರಬಂಧದ ರಟ್ಟಿನೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಒಂದು ಹಾಳೆ ಇತ್ತು. ಇಷ್ಟು ವರ್ಷವಾದರೂ ಅದರ ಖಾರ ಇಳಿದಿರಲಿಲ್ಲ.

ಪ್ರಬಂಧವನ್ನು ಹೊರಗೆ ತೆಗೆದದ್ದು ಅಭಿಮಾನದಿಂದಲ್ಲ. ಅದನ್ನು ಓದಿದವರು ಜಗತ್ತಿನಲ್ಲಿ ನಾಲ್ಕೇ ಜನ, ಅವರಲ್ಲಿ ಇಬ್ಬರಿಗೆ ಓದುವುದು ಕೆಲಸವಾಗಿತ್ತು. ನಾನು ಪಾಠ ಮಾಡುವ ನವಲಗುಂದದ ಕಾಲೇಜಿನಲ್ಲಿ ರೇಷ್ಮಾ ಎಂಬ ಎಂ.ಎ. ಹುಡುಗಿ ಜಮಖಾನದ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಾಳೆ. ಅವರ ಮನೆಯಲ್ಲೇ ಮಗ್ಗವಿದೆ. ಅಂಬೆಗಾಲಿಟ್ಟಿದ್ದೇ ಜಮಖಾನದ ಮೇಲೆ. ಯಾವ ಚಿತ್ತಾರಕ್ಕೆ ಯಾವ ಹೆಸರು, ಅದು ಏಕೆ ಬಂತು ಎಂದು ಹದಿನಾಲ್ಕು ಪುಟ ಬರೆದು, ಒಂದೊಂದರ ಮುಂದೂ "ನಮ್ಮ ಖಾಲಾ ಹೇಳಿದಂತೆ" ಎಂದು ಸೇರಿಸಿದ್ದಳು. ಖಾಲಾ ಎಂದರೆ ಅವಳ ತಾಯಿಯ ಅಕ್ಕ. ನಾನು ಕೆಂಪು ಪೆನ್ನು ಹಿಡಿದು ಅಷ್ಟೂ ಖಾಲಾಗಳನ್ನು ಹೊಡೆದುಹಾಕಿ ಅಂಚಿನಲ್ಲಿ "ಆಧಾರ?" ಎಂದು ಬರೆದೆ.

"ಇದು ಹಿಂಗ ನಡಿಯೂದಿಲ್ಲವಾ. ಪುಸ್ತಕ ಇರಬೇಕು, ಇಲ್ಲಾ ಪತ್ರಿಕೆ ಲೇಖನ ಇರಬೇಕು. ಏನೂ ಸಿಗಲಿಲ್ಲಂದ್ರ 'ತಿಳಿದುಬಂದಿದೆ' ಅಂತ ಬರಿ. ನಾಳೆ ಬಾ, ಗ್ರಂಥಋಣ ಹೆಂಗ ಬರೀಬೇಕು ಅಂತ ನಂದು ತೋರಸ್ತೀನಿ" ಎಂದೆ.

ಹುಡುಗಿ "ಹೌದ್ರಿ ಮೇಡಂ" ಎಂದು ಕಾಗದಗಳನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ಸೋಮವಾರ ಒಪ್ಪಿಸಬೇಕಾದ ಪ್ರಬಂಧ. ಅದರಲ್ಲಿ ಖಾಲಾ ಇರಬೇಕೋ ಬೇಡವೋ ಎಂಬುದು ನನ್ನ ಕೆಂಪು ಪೆನ್ನಿನ ಕೈಯಲ್ಲಿತ್ತು. ನಾನು ಆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, ಬಲು ದೊಡ್ಡ ಮನುಷ್ಯಳ ಹಾಗೆ ಮನೆಗೆ ಬಂದು, ಮಾದರಿ ತೋರಿಸಲೆಂದು ನನ್ನ ಪ್ರಬಂಧ ತೆಗೆದೆ. ಸೀನಿದೆ. ಸೀನಿದ ಮೇಲೆ ಎಲ್ಲ ನೆನಪಾಯಿತು.

ಗ್ರಂಥಋಣ ಬರೆಯುವ ಕಾಟ ನಿಮಗೆ ಬಂದಿಲ್ಲದಿದ್ದರೆ ನೀವು ಪುಣ್ಯವಂತರು. ಯಾವ ಪುಸ್ತಕದಿಂದ ಏನು ತೆಗೆದುಕೊಂಡಿರಿ ಎಂದು ಹೇಳುವುದಷ್ಟೇ ಆಗಿದ್ದರೆ ಯಾರೂ ಹೆದರುತ್ತಿರಲಿಲ್ಲ. ಆದರೆ ಅದಕ್ಕೊಂದು ಮಡಿ ಇದೆ. ಮೊದಲು ಬರೆದವರ ಅಡ್ಡಹೆಸರು, ಆಮೇಲೆ ಅಲ್ಪವಿರಾಮ, ಆಮೇಲೆ ಹೆಸರಿನ ಮೊದಲಕ್ಷರಗಳು, ಕಂಸದಲ್ಲಿ ಇಸವಿ, ಪುಸ್ತಕದ ಹೆಸರು, ಅಚ್ಚಾದ ಊರು, ಪ್ರಕಾಶಕರು. ಪತ್ರಿಕೆಯ ಲೇಖನವಾದರೆ ಇನ್ನೂ ಮೂರು ಕಟ್ಟಳೆ. ಸಂಪುಟಕ್ಕೆ "ಸಂ." ಎಂದು ಬರೆಯಬೇಕು. ಸಂಚಿಕೆಗೂ "ಸಂ." ಎಂದೇ ಬರೆಯಬೇಕು. ಸಂಪಾದಕರಿದ್ದರೆ ಅವರಿಗೂ "ಸಂ." ಯಾವ "ಸಂ." ಯಾವುದು ಎಂದು ಹೇಗೆ ತಿಳಿಯುವುದು ಎಂದು ನಮ್ಮ ಮಾರ್ಗದರ್ಶಕರನ್ನು ಕೇಳಿದೆ. "ಸಂದರ್ಭ ನೋಡಿ ತಿಳಕೋಬೇಕು" ಎಂದರು. ಸಂದರ್ಭವೂ "ಸಂ." ಅಲ್ಲವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಈ ಪದ್ಧತಿಯನ್ನು ಕಟ್ಟಿದವರು ಯಾರೋ ಏನೋ, ನಮ್ಮ ಕಡೆ ಒಮ್ಮೆಯೂ ಬಂದವರಲ್ಲ. ಬಂದಿದ್ದರೆ ಅಡ್ಡಹೆಸರನ್ನು ಮುಂದೆ ತಂದು ಕೂರಿಸುತ್ತಿರಲಿಲ್ಲ. ಮೈಸೂರು ಕಡೆಯ ನನ್ನ ಗೆಳತಿಯರಿಗೆ ಅಡ್ಡಹೆಸರು ಎಂದರೆ ಗೇಲಿಗೆ ಇಟ್ಟ ಹೆಸರು. ನಮ್ಮಲ್ಲಿ ಅದು ಮನೆತನದ ಹೆಸರು. ಆ ಮನೆತನದ ಹೆಸರುಗಳಾದರೂ ಎಂಥವು ಎಂದು ನಿಮಗೆ ಗೊತ್ತೇ ಇದೆ: ಅಕ್ಕಿ, ಉಪ್ಪಿನ, ಉಳ್ಳಾಗಡ್ಡಿ, ಬೆಣ್ಣಿ, ಬೆಲ್ಲದ, ಮೆಣಸಿನಕಾಯಿ. ನಾಲ್ಕು ಮನೆತನ ಒಂದು ಪಂಕ್ತಿಯಲ್ಲಿ ಕೂತರೆ ಒಂದು ಸಾರಿಗಾಗುತ್ತದೆ. ನಾನು ನಗಬಾರದು, ಏಕೆಂದರೆ ನಾನೇ ಬದನಿಕಾಯಿ. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಅಡ್ಡಹೆಸರು ಬಂದ ಕೂಡಲೇ ಹಿಂದಿನಿಂದ ಯಾರಾದರೂ "ಎಣ್ಣಿಗಾಯಿ!" ಎನ್ನುತ್ತಿದ್ದರು. ಓದಿನಲ್ಲಿ ಸ್ವಲ್ಪ ಮುಂದಿದ್ದುದರಿಂದ ಆಮೇಲೆ ಆ ಹೆಸರು ಬಡ್ತಿ ಪಡೆದು "ಪುಸ್ತಕದ ಬದನೆಕಾಯಿ" ಆಯಿತು. ಕನ್ನಡದಲ್ಲಿ ಆ ಬೈಗುಳವನ್ನು ಹುಟ್ಟಿಸಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಂಥ ನಾನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯವೂ ಅಡ್ಡಹೆಸರೇ. ಕುಂದಗೋಳ, ನವಲಗುಂದ ಕಡೆಯ ಮನೆತನಗಳಿಗೆ ಈ ಹೆಸರುಗಳು ಹೇಗೆ ಬಂದವು ಎಂಬುದು ನನ್ನ ಸಂಶೋಧನೆ. ಇದರಲ್ಲಿ ಸ್ವಂತ ಸೇಡು ಇರಲಿಲ್ಲ ಎಂದು ಪ್ರಸ್ತಾವನೆಯಲ್ಲಿ ಬರೆದಿದ್ದೇನೆ. ಪ್ರಸ್ತಾವನೆಯಲ್ಲಿ ಬರೆದದ್ದೆಲ್ಲ ನಿಜವಾಗಿರಬೇಕಿಲ್ಲ.

ಈಗ ನನ್ನ ಕಾಕಾನ ಬಗ್ಗೆ ಹೇಳಬೇಕು. ಫಕೀರಪ್ಪ ಕಾಕಾ, ನಮ್ಮಪ್ಪನ ತಮ್ಮ. ಸಂಶಿಯಲ್ಲಿ ನಮ್ಮದು ಕೂಡಿದ ಮನೆ. ಹೊಲ ಕಾಕಾನದು, ಸಂತೆ ಕಾಕಾನದು, ಮಾತೂ ಕಾಕಾನದೇ. ಆದರೆ ತಾನಾಡಿದ ಮಾತನ್ನು ತನ್ನದೆಂದು ಅವನು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಯಾವ ಸಂಗತಿ ಹೇಳಿದರೂ ಅದನ್ನು ಯಾರು ಹೇಳಿದ್ದು, ಯಾವಾಗ, ಎಲ್ಲಿ ಕೂತು ಎಂದು ಸೇರಿಸದೆ ಬಿಡುತ್ತಿರಲಿಲ್ಲ. "ನಾಳೆ ಮಳಿ ಬರತೈತಂತ. ನಾ ಹೇಳಿದ್ದಲ್ಲ. ಬಮ್ಮಿಗಟ್ಟಿ ಬೀಗರು ಹೇಳಿದ್ದು, ನಿನ್ನೆ ಮುಂಜಾನೆ, ಫೋನಿನ್ಯಾಗ. ಅವರಿಗೆ ಟೀವಿಯಾವ ಹೇಳ್ಯಾನ." ಊಟಕ್ಕೆ ಕೂತಾಗಲೂ ಅಷ್ಟೇ. "ಸಾರಿಗೆ ಉಪ್ಪು ಕಡಿಮಿ ಆಗೇತಂತ" ಎನ್ನುತ್ತಿದ್ದ. ಯಾರು ಹೇಳಿದ್ದು ಎಂದು ಅವನ ಹೆಂಡತಿ, ನಮ್ಮ ಚಿಗವ್ವ, ಸೌಟು ಹಿಡಿದು ತಿರುಗಿದರೆ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಅದೊಂದು ಮಾತ್ರ ಸುಳ್ಳು ಆಧಾರ, ಪ್ರಾಣಭಯದಿಂದ ಕೊಟ್ಟದ್ದು.

ಈ ಚಟ ಅವನಿಗೆ ಅಂಟಿಕೊಂಡದ್ದಕ್ಕೂ ಒಂದು ಕಾರಣವಿದೆ. ಇದನ್ನು ನನಗೆ ಹೇಳಿದ್ದು ಅವ್ವ, ಅಡಿಗೆಮನೆಯಲ್ಲಿ, ಶೇಂಗಾ ಸುಲಿಯುತ್ತ. (ನೋಡಿದಿರಾ, ನನಗೂ ಬಂದಿದೆ.) ಕಾಕಾನಿಗೆ ಆಗ ಇಪ್ಪತ್ತು ವರ್ಷವಿರಬೇಕು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಹುಣಸಿಮರದ ಮಾಸ್ತರು ಹೋದ್ರಪಾ" ಎಂದರಂತೆ. ಕಾಕಾನಿಗೆ ಅಕ್ಷರ ಕಲಿಸಿದ ಮಾಸ್ತರು. ಹುಡುಗ ಅಲ್ಲಿಂದಲೇ ಅಳುತ್ತ ಊರೊಳಗೆ ಓಡಿಬಂದ. ಮಾಸ್ತರ ಹೆಂಡತಿ ತವರಿಗೆ ಹೋಗಿದ್ದಳು, ಅಲ್ಲಗಳೆಯುವವರು ಯಾರೂ ಇರಲಿಲ್ಲ. ಶಾಲೆ ಬಿಟ್ಟಿತು. ಭಜನೆಯವರು ಬಂದರು. ಹೂವಿನ ಹಾರ ಬಂತು. ಮಾಸ್ತರ ಮನೆಗೆ ಬೀಗ ಇದ್ದುದರಿಂದ ಎಲ್ಲರೂ ಬಾಗಿಲ ಮುಂದೆ ಕೂತು ಅವರ ಗುಣಗಳನ್ನು ಹೇಳಿಕೊಳ್ಳುತ್ತಿದ್ದರು. ಹೆಣ ಹುಬ್ಬಳ್ಳಿಯಿಂದ ಬರುತ್ತದೆ ಎಂದು ಯಾರೋ ಸೇರಿಸಿದರು. ಅದು ಒಂದು ರೀತಿಯಲ್ಲಿ ನಿಜವೇ ಆಯಿತು. ನಾಲ್ಕು ಗಂಟೆಯ ಬಸ್ಸಿಗೆ ಹುಬ್ಬಳ್ಳಿಯಿಂದ ಮಾಸ್ತರು ಇಳಿದರು, ಕಂಕುಳಲ್ಲಿ ಹೊಸ ಛತ್ರಿ. ಮನೆಯ ಮುಂದೆ ಮಂದಿ ನೋಡಿ ಗಾಬರಿಯಾಗಿ, ಕಾಲಲ್ಲಿದ್ದ ಕಾಲ್ಮರಿ ಕಳೆದು, ಮೆಲ್ಲಗೆ ಬಂದು ಕಾಕಾನ ಬಾಜೂಕ ಕೂತು ತಗ್ಗಿದ ದನಿಯಲ್ಲಿ ಕೇಳಿದರಂತೆ:

"ಯಾರ ಹೋದ್ರೋ ಫಕೀರಾ?"

ಕಾಕಾ ಕಣ್ಣೊರೆಸಿಕೊಂಡು, "ನೀವಽ ರೀ ಸರ್" ಎಂದನಂತೆ.

ಹುಬ್ಬಳ್ಳಿಗೆ ಹೋದದ್ದನ್ನು ಕಾಕಾ ಮೇಲಕ್ಕೆ ಹೋದದ್ದು ಎಂದು ತಿಳಿದಿದ್ದ. "ಹೋದರು" ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎಷ್ಟು ದೂರದ ಅರ್ಥವೆಲ್ಲ ಇದೆ. ಮಾಸ್ತರು ಊರ ಮುಂದೆಯೇ ಅವನ ಕಿವಿ ಹಿಂಡಿ, "ಇನ್ನ ಮ್ಯಾಲೆ ಏನ ಹೇಳಿದ್ರೂ ಯಾರ ಹೇಳಿದ್ರು, ಎಲ್ಲಿ ಹೇಳಿದ್ರು, ಏನಂತ ಹೇಳಿದ್ರು, ಎಲ್ಲಾ ಹೇಳಬೇಕು ನೋಡು" ಎಂದರು. ಕಾಕಾ ಜೀವಮಾನವೆಲ್ಲ ಅದನ್ನು ಪಾಲಿಸಿದ. ವಿಶ್ವವಿದ್ಯಾಲಯ ನನಗೆ ಮೂರು ತರಗತಿಗಳಲ್ಲಿ ಕಲಿಸಿದ್ದನ್ನು ಹುಣಸಿಮರದ ಮಾಸ್ತರು ಒಂದು ಕಿವಿಯಲ್ಲಿ ಕಲಿಸಿದ್ದರು.

ಇಂಥ ಮನುಷ್ಯ ಮನೆಯಲ್ಲಿರುವಾಗ ನಾನು ಬೇರೆ ಎಲ್ಲಿಗೆ ಹೋಗಲಿ? ನನ್ನ ಪ್ರಬಂಧದ ಐದನೆಯ ಅಧ್ಯಾಯ ಪೂರ್ತಿ ಕಾಕಾನ ಮಾತು. ಅವನು ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದರೆ ನಾನು ಬದುವಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಯಾವ ಮನೆತನಕ್ಕೆ ಯಾವ ಹೆಸರು ಹೇಗೆ ಬಂತು ಎಂದು ಅವನಿಗೆ ಎಲ್ಲ ಗೊತ್ತಿತ್ತು, ಅದೂ ಪಾಠಾಂತರಗಳ ಸಮೇತ. ನಮ್ಮದನ್ನೇ ಕೇಳಿ. "ನಮ್ಮ ಅಜ್ಜಿ ಹೇಳೂದು ಏನಂದ್ರ, ಒಮ್ಮೆ ಹೇಳದ ಕೇಳದ ಬೀಗರು ಬಂಡಿ ತುಂಬಾ ಬಂದ್ರಂತ. ಮನ್ಯಾಗ ಬದನಿಕಾಯಿ ಬಿಟ್ರ ಏನೂ ಇದ್ದಿದ್ದಿಲ್ಲ. ಮುತ್ಯಾ ಮೂರು ದಿನಾ ಬದನಿಕಾಯಿನ ಉಣಿಸಿ ಕಳಿಸಿದ. ಬೀಗರು ಊರಿಗೆ ಹೋಗಿ ಹೆಸರಿಟ್ರು. ಆದ್ರ ಕೆಳಗಿನ ಓಣಿಯವರು ಬ್ಯಾರೆ ಹೇಳ್ತಾರ. ಮುತ್ಯಾನ ಮೂಗು ಹಂಗಿತ್ತಂತ ಅಂತಾರ. ಎರಡೂ ಬರಕೋ." ಎರಡನ್ನೂ ಬರೆದುಕೊಂಡೆ. ಅಂದು ಮನೆಗೆ ಬಂದು ಕನ್ನಡಿ ನೋಡಿಕೊಂಡ ಮೇಲೆ ಮೂಗಿನ ಪಾಠಾಂತರವನ್ನು ಕೈಬಿಟ್ಟೆ.

ಅಧ್ಯಾಯ ಓದಿದ ಮಾರ್ಗದರ್ಶಕರು ಕಾಕಾನನ್ನೂ ಕೈಬಿಡು ಎಂದರು. ಒಳ್ಳೆಯ ಮನುಷ್ಯರು, ನನ್ನ ಮೇಲೆ ಅಕ್ಕರೆ ಇದ್ದವರು. ಆದರೆ ಅಚ್ಚಾಗದ್ದನ್ನು ನಂಬುತ್ತಿರಲಿಲ್ಲ. "ಅಲ್ಲವಾ, ಮನ್ಯಾಗಿನ ಕಾಕಾ ಹೇಳ್ಯಾನ ಅಂತ ಇವತ್ತ ಬರದ್ರ, ನಾಳೆ ನಿಮ್ಮ ಎಮ್ಮಿ ಹೇಳೇತಿ ಅಂತನೂ ಬರೀತಿ. 'ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ' ಅಂತ ಹಾಕು, ಮುಗೀತು." ನಾನು ಹಾಕಿದೆ. ಕಳೆ ತೆಗೆಯುವ ಹೊಲದಲ್ಲಿ ತಿಳಿದದ್ದನ್ನು ಕ್ಷೇತ್ರಕಾರ್ಯ ಎನ್ನುವುದು ಸುಳ್ಳೇನೂ ಅಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ತಿದ್ದಿದ ಅಧ್ಯಾಯವನ್ನು ಕಾಕಾ ಒಂದು ಮಧ್ಯಾಹ್ನ ಚಾಳೀಸು ಮೂಗಿಗೆ ಏರಿಸಿ ಓದಿದ. ಬೆರಳಿಟ್ಟು, ಸಾಲಿಗೊಮ್ಮೆ ನಿಂತು ಓದುವ ಅಭ್ಯಾಸ. ಬದನಿಕಾಯಿಯ ಊಟದ ಕಥೆಗೆ ಬಂದವನು ತಲೆಯೆತ್ತಿದ.

"ತಿಳಿದು ಬಂತು? ಎಲ್ಲಿಂದ ಬಂತು? ತಾನಽ ನಡಕೋತ ಬಂತೇನು?"

"ಹಂಗ ಬರೀಬೇಕಂತ ಕಾಕಾ. ಮನಿ ಮಂದಿ ಹೆಸರು ಹಾಕಾಕ ಬರೂದಿಲ್ಲಂತ."

"ಆತು ಬಿಡು" ಎಂದು ಚಾಳೀಸು ತೆಗೆದು ಡಬ್ಬಿಯಲ್ಲಿಟ್ಟ. ಅಷ್ಟು ಚಿಕ್ಕ ಮಾತನ್ನು ಅವನು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಕೆಟ್ಟದೆನಿಸಿತು. ಅದನ್ನು ಸರಿಮಾಡುವಷ್ಟು ಕೆಟ್ಟದೆನಿಸಲಿಲ್ಲ. ಆಮೇಲೆ ನನ್ನ ಹತ್ತಿರ ಅದರ ಮಾತೇ ಎತ್ತಲಿಲ್ಲ, ಹೊಲಕ್ಕೆ ಬಾ ಎಂದೂ ಕರೆಯಲಿಲ್ಲ.

ಪ್ರಬಂಧ ಒಪ್ಪಿಸುವ ಕಡೆಯ ದಿನ ಹತ್ತಿರ ಬಂತು. ಉಳಿದದ್ದೆಲ್ಲ ಟೈಪಾಗಿ, ಗ್ರಂಥಋಣದ ಹಾಳೆಯೊಂದು ಬಾಕಿ ಇತ್ತು. ಅಡ್ಡಹೆಸರನ್ನು ಮುಂದಿಟ್ಟು, ಅಕಾರಾದಿಯಾಗಿ, ಎಲ್ಲಿಯೂ ಅಲ್ಪವಿರಾಮ ತಪ್ಪದಂತೆ ಬರೆದು ಮುಗಿಸಿದೆ. ಅಲ್ಪವಿರಾಮದ ಚಿಂತೆಯಲ್ಲಿ ನಾನು ಏನು ಬರೆಯುತ್ತಿದ್ದೇನೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಳೆಯನ್ನು ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟು 'ಸ್ವಲ್ಪ ಅಡ್ಡಾಗೋಣ' ಎಂದು ಮಲಗಿದೆ. ಅವ್ವ ಸಂತೆಯ ಚೀಟಿ ಬರೆದಿಡುವುದೂ ಅದೇ ಮಾಡದಲ್ಲೇ. ಅಂದು ಸಂತೆ.

ನಾನು ಏಳುವ ಹೊತ್ತಿಗೆ ಕಾಕಾ ಎರಡು ಪಿಶವಿ ತುಂಬ ಸಾಮಾನು ಇಳಿಸಿ, ಅಂಗಳದಲ್ಲಿ ನಿಂತು ಒದರುತ್ತಿದ್ದ.

"ಯಾರ ಬರದದ್ದು ಈ ಚೀಟಿ?"

ಅವನ ಕೈಯಲ್ಲಿ ನನ್ನ ಹಾಳೆ.

"ಅಕ್ಕಿ, ಎಂಬತ್ತೇಳರದ್ದು! ಹಳೇ ಅಕ್ಕಿ ಅನ್ನ ಉದುರುದುರ ಆಗತೈತಿ, ಖರೆ. ಎಂಬತ್ತೇಳರದ್ದು ಐತೇನು ಅಂತ ಕೇಳಿದ್ರ ಅಂಗಡ್ಯಾವ ನನ್ನ ಮಾರಿ ನೋಡಿದ. ಬೆಣ್ಣಿ ಎಪ್ಪತ್ತನಾಕರದ್ದು ಅಂತ. ಅದನ್ನ ಕೇಳಾಕ ನನಗಽ ನಾಚಿಕಿ ಬಂತು. ಹೋಗ್ಲಿ, ಮೆಣಸಿನಕಾಯಿ ಮೈಸೂರಿನದ್ದು ಯಾಕ ಬೇಕಾತವಾ ನಿನಗ? ಬ್ಯಾಡಗಿ ಬಾಜೂಕ ಇಟಕೊಂಡು ಮೈಸೂರು ಮೆಣಸಿನಕಾಯಿ? ಮಂದಿ ಏನಂದಾರು? ಅದೂ ನೂರಾ ಹದಿನೆಂಟು ಪುಟ್ಟಿ!"

"ಪು. ಅಂದ್ರ ಪುಟಾ, ಕಾಕಾ."

"ಸಂತಿ ಚೀಟ್ಯಾಗ ಪು. ಅಂದ್ರ ಪುಟ್ಟಿ. ಸಂ. ಅಂದ್ರ ಸಂತಿ. ಬೆಲ್ಲದ ಮುಂದ ಸಂ. ನಾಕು ಅಂತ ಬರದಿ, ಅದಕ್ಕ ಅದನ್ನ ನಾಕನೇ ಸಂತಿಗೆ ಬಿಟ್ಟೇನಿ. ಉಳ್ಳಾಗಡ್ಡಿ ಮತ್ತು ಇತರರು ಅಂತ ಇತ್ತು. ಇತರರು ಅಂದ್ರ ಕೊತಂಬ್ರಿ, ಕರಿಬೇವು, ಹಸಿಶುಂಠಿ ಅಂತ ತಿಳಕೊಂಡು ತಂದೇನಿ. ಪಾಟೀಲ ಅಂತನೂ ಬರದಿ. ಪಾಟೀಲರು ಸಂತ್ಯಾಗ ಸಿಕ್ಕಿದ್ರು. ಪಿಶವ್ಯಾಗ ಹಿಡೀಲಿಲ್ಲ."

ಅವ್ವ, ಚಿಗವ್ವ ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ನಾನು ಹಾಳೆ ಇಸಿದುಕೊಂಡೆ. ಮೆಣಸಿನಕಾಯಿಯ ಪಿಶವಿಯಲ್ಲೇ ಅದನ್ನು ಹಾಕಿಕೊಂಡು ಬಂದಿದ್ದ, ಕೆಂಪಗಾಗಿತ್ತು. ಅದಕ್ಕಿಂತ ದೊಡ್ಡ ಅನಾಹುತ ಎಂದರೆ ಕಾಕಾ ಅದನ್ನು ತಿದ್ದಿದ್ದ. ಚೀಟಿಯಲ್ಲಿದ್ದ ಮೊದಲಕ್ಷರಗಳನ್ನು ಮಾರುವವರ ಹೆಸರೆಂದು ತಿಳಿದು, ಅವರು ಸಂತೆಯಲ್ಲಿ ಸಿಗದಿದ್ದಾಗ, ಸುಳ್ಳಾಗಬಾರದೆಂದು ಅವರ ಹೆಸರನ್ನು ನೀಟಾಗಿ ಹೊಡೆದು, ಸಿಕ್ಕವರ ಹೆಸರನ್ನು ಮೇಲೆ ಬರೆದಿದ್ದ. ಒಂದು ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಉಳ್ಳಾಗಡ್ಡಿ. ಬ. ಶಿ. ಸಿಗಲಿಲ್ಲ. ಯಮನವ್ವನ ಕಡೆಯಿಂದ. ಸಂಶಿ ಸಂತಿ, ಬಸ್ ಸ್ಟ್ಯಾಂಡ್ ಬಾಜು. ಒಂದು ಕೊಳೆತದ್ದು ಬಂತು, ತಿರುಗಿ ಕೊಟ್ಟೆ."

ನಗಲಿಲ್ಲ, ಅಳಲೂ ಇಲ್ಲ, ಸೀನಿದೆ. ಮತ್ತೆ ಕೂತು, ಮೂಲ ಹೆಸರುಗಳನ್ನು ನೆನಪಿನಿಂದಲೂ ಟಿಪ್ಪಣಿಗಳಿಂದಲೂ ಹೆಕ್ಕಿ, ಹೊಸ ಹಾಳೆಯಲ್ಲಿ ಶುದ್ಧವಾಗಿ ಬರೆದೆ. ಮರುದಿನ ಎದ್ದುಬಿದ್ದು ಡಿ.ಟಿ.ಪಿ. ಅಂಗಡಿಗೆ ಓಡಿ, ಫೈಲಿನಿಂದ ಹಾಳೆ ತೆಗೆದುಕೊಟ್ಟು, ಝೆರಾಕ್ಸಿನ ಸಾಲಿನಲ್ಲಿ ನಿಂತೆ. ಟೈಪಾಯಿತು, ರಟ್ಟು ಕಟ್ಟಿತು, ವಿಶ್ವವಿದ್ಯಾಲಯದ ಕಚೇರಿ ಮುಚ್ಚುವ ಮುಂಚೆ ಒಪ್ಪಿಸಿ ಬಂದೆ. ಮನೆಗೆ ಬಂದು ಫೈಲು ಬಿಚ್ಚಿದರೆ ಶುದ್ಧವಾದ ಹಾಳೆ ಅದರಲ್ಲೇ ಇತ್ತು.

ಟೈಪು ಮಾಡಿದವರ ತಪ್ಪೇನೂ ಇಲ್ಲ. ಹೊಡೆದದ್ದನ್ನು ಬಿಡಬೇಕು, ಮೇಲೆ ತಿದ್ದಿದ್ದನ್ನು ಹಾಕಬೇಕು ಎಂಬುದು ಆ ಕಸುಬಿನ ನಿಯಮ. ಅವರು ಕಾಕಾನ ತಿದ್ದುಪಡಿಗಳನ್ನು ಒಂದೂ ಬಿಡದೆ ಹಾಕಿದ್ದರು. "ಭಾಳ ಸೀನು ಬಂದ್ವು ಮೇಡಂ ಅವತ್ತ. ಥಂಡಿ ಆಗೇತಿ ಅಂತ ಗುಳಗಿ ತಗೊಂಡೆ" ಎಂದು ಆಮೇಲೆ ಆ ಹಾಳೆ ತಿರುಗಿ ಕೊಡುತ್ತ ಹೇಳಿದರು.

ಮುಂದಿನ ಏಳೆಂಟು ತಿಂಗಳು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಯಾರೂ ಗ್ರಂಥಋಣ ಓದುವುದಿಲ್ಲ ಎಂಬ ಒಂದೇ ಧೈರ್ಯ ನನಗೆ. ಮೌಖಿಕ ಪರೀಕ್ಷೆಯ ದಿನ ಆ ಧೈರ್ಯವೂ ಹೋಯಿತು. ಹೊರಗಿನ ಪರೀಕ್ಷಕರು ಮೈಸೂರು ಕಡೆಯವರು, ಸಣ್ಣ ಆಳು, ದೊಡ್ಡ ಕನ್ನಡಕ. ಪ್ರಬಂಧವನ್ನು ಹಿಂದಿನಿಂದ ಬಿಚ್ಚಿದರು. ಕೆಲವರು ಹಾಗೂ ಇರುತ್ತಾರೆ. ಆ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು, ಹಾಗಾಗಿ ಕಾಕಾನೂ ಬಂದಿದ್ದ. ಕರೆದದ್ದು ನಾನಲ್ಲ, ಅವ್ವ. ಇಸ್ತ್ರಿ ಮಾಡಿದ ಧೋತರ, ಹೊಸ ಟೊಪ್ಪಿಗೆ, ಕಡೆಯ ಬೆಂಚು.

"ಈ ಯಮನವ್ವ ಅಂದ್ರೆ ಯಾರಮ್ಮ?" ಎಂದರು ಪರೀಕ್ಷಕರು.

ನಮ್ಮ ಮಾರ್ಗದರ್ಶಕರು ಚಾವಣಿಯ ಫ್ಯಾನು ನೋಡತೊಡಗಿದರು. ಪರೀಕ್ಷಕರು ಇಡೀ ಪುಟವನ್ನು, ಕೊಳೆತ ಉಳ್ಳಾಗಡ್ಡಿಯ ಸಮೇತ, ಗಂಭೀರವಾಗಿ ಓದಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ನಗಲಿಲ್ಲ.

"ನಗಬೇಡ್ರಿ. ಯಾರಿಂದ ತಂದ್ರು, ಎಲ್ಲಿಂದ ತಂದ್ರು, ಹೇಗಿತ್ತು, ಎಲ್ಲಾ ಇದೆ ಇಲ್ಲಿ. ಇಷ್ಟು ಪ್ರಾಮಾಣಿಕವಾದ ಗ್ರಂಥಋಣ ನಾನು ನೋಡಿಲ್ಲ. ಆದರೆ ಐದನೇ ಅಧ್ಯಾಯ ತೆಗೆದು ನೋಡಿ. ಸಾಲು ಸಾಲಿಗೂ ತಿಳಿದುಬಂದಿದೆ, ತಿಳಿದುಬಂದಿದೆ. ಉಳ್ಳಾಗಡ್ಡಿಗೆ ಆಧಾರ ಇದೆಯಲ್ಲಮ್ಮ, ನಿಮ್ಮ ಅಧ್ಯಾಯಕ್ಕೆ ಯಾಕಿಲ್ಲ? ಯಾರಿಂದ ತಿಳಿದುಬಂತು?"

ನಿಜ ಹೇಳಿದರೆ ಮಾರ್ಗದರ್ಶಕರ ಮಾನ ಹೋಗುತ್ತದೆ, ಬಹುಶಃ ನನ್ನ ಪದವಿಯೂ. ಹೇಳದಿದ್ದರೆ, ಇನ್ನೊಂದು ಸಲ ನಾನು ಕಾಕಾನನ್ನು ಹೊಡೆದುಹಾಕಿದಂತೆ, ಅದೂ ಅವನ ಕಣ್ಣೆದುರಿಗೆ. ಆ ಕ್ಷಣ ಅವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ನನಗೆ ಪ್ರಬಂಧವನ್ನು ಬರೆದ ಅಷ್ಟೂ ವರ್ಷಗಳಲ್ಲಿ ಆಗದಷ್ಟು ನಾಚಿಕೆ ಆಗ ಆಯಿತು.

"ಕಡೆಯ ಬೆಂಚಿನ ಮೇಲೆ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಾರಲ್ಲ ಸರ್, ನಮ್ಮ ಕಾಕಾ, ಅವರಿಂದ. ಅಧ್ಯಾಯ ಪೂರ್ತಿ ಅವರದು. ಹೆಸರು ತೆಗೆದದ್ದು ನಾನು" ಎಂದೆ.

ಎಲ್ಲರೂ ಹಿಂದೆ ತಿರುಗಿದರು. ಕಾಕಾ ಎದ್ದು ನಿಂತು ಕೈ ಮುಗಿದ.

"ನಾ ಅಲ್ರೀ ಸಾಹೇಬ್ರ. ನಮ್ಮ ಅಜ್ಜಿ ಹೇಳಿದ್ದು. ನಮ್ಮ ಹಿತ್ತಲಾಗ, ಜ್ವಾಳಾ ಕೇರೋ ಮುಂದ."

"ಅವರನ್ನು ಮಾತಾಡಿಸಬಹುದೇ?"

"ಹೋದ್ಲ್ರಿ." ಕಾಕಾ ತಡವರಿಸಿ, ಹಳೆಯದು ನೆನಪಾಗಿ ಸೇರಿಸಿದ. "ಖರೇನ ಹೋದ್ಲ್ರಿ. ಹುಬ್ಬಳ್ಳಿಗಲ್ಲ."

ಈಗ ನಮ್ಮ ಮಾರ್ಗದರ್ಶಕರೂ ನಕ್ಕುಬಿಟ್ಟರು. ಪರೀಕ್ಷಕರು ಕನ್ನಡಕ ಒರೆಸಿಕೊಂಡು, "ಮೂಲ ಸಿಗದಿದ್ದಾಗ, ಯಾರ ಮೂಲಕ ಕೇಳಿದಿರೋ ಅವರ ಹೆಸರು ಹಾಕೋದು ಪದ್ಧತಿ. ನಿಮ್ಮ ಕಾಕಾನಿಗೆ ಗೊತ್ತಿದೆ, ನಿಮಗೆ ಗೊತ್ತಿಲ್ಲ. ಒಂದು ತಿಂಗಳಲ್ಲಿ ತಿದ್ದಿ ತನ್ನಿ" ಎಂದರು. ತಿದ್ದಿದೆ. ಪದವಿ ಬಂತು. ಗ್ರಂಥಋಣದ ಹಾಳೆಯಲ್ಲಿ ಕಾಕಾನ ಹೆಸರು ಪಾಟೀಲರಿಗಿಂತ ಮುಂಚೆ ಬಂತು ಎಂದುಕೊಂಡಿರಾ? ಇಲ್ಲ, ಅಕಾರಾದಿಯ ಪ್ರಕಾರ ಅವರ ಆಮೇಲೆ, ಬೆಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಸಾಲು ಬಂತು: "ಬದನಿಕಾಯಿ, ಫಕೀರಪ್ಪ. ಅಜ್ಜಿಯಿಂದ ಕೇಳಿ ಹೇಳಿದ್ದು. ಶೇಂಗಾ ಹೊಲದ ಬದು, ಸಂಶಿ."

ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಓದಿದ.

"ಎಲ್ಲಾರಿಗೂ ಪು. ಐತಿ. ನನಗ್ಯಾಕ ಇಲ್ಲ?"

"ನೀ ಪುಸ್ತಕ ಅಲ್ಲ ಕಾಕಾ."

"ಇಷ್ಟ ದಿನಾ ನೀ ಒಬ್ಬಾಕಿನ ಪುಸ್ತಕದ ಬದನಿಕಾಯಿ ಇದ್ದಿ. ಈಗ ನಾನೂ ಆದೆ ನೋಡು" ಎಂದ. ಆಮೇಲೆ ಓಣಿ ತುಂಬ ಹೇಳಿಕೊಂಡು ಬಂದ, ಪುಟದ ಸಂಖ್ಯೆ ಸಮೇತ.

ಕಾಕಾ ಹೋಗಿ ನಾಲ್ಕು ವರ್ಷವಾಯಿತು. ಸುದ್ದಿ ಹೇಳಲು ಬಮ್ಮಿಗಟ್ಟಿಯ ಬೀಗರಿಗೆ ನಾನೇ ಫೋನು ಮಾಡಿದ್ದೆ. ಅವರೂ ಕಾಕಾನ ಜೊತೆ ಮಾತಾಡಿ ಮಾತಾಡಿ ಪಳಗಿದವರು. "ಯಾರ ಹೇಳಿದ್ರವಾ?" ಎಂದು ಕೇಳಿದರು. "ಯಾರೂ ಹೇಳಿಲ್ರೀ ಮಾಮಾ. ನಾನಽ ಬಾಜೂಕ ಕೂತಿದ್ದೆ" ಎಂದೆ. ಅಷ್ಟು ಹೊತ್ತು ತಡೆದಿದ್ದ ಅಳು ಆ ಮಾತು ಹೇಳುವಾಗ ಬಂತು.

ಮೊನ್ನೆ ಆ ಖಾರದ ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟು, ಮೂಗೊರೆಸಿಕೊಂಡು, ರೇಷ್ಮಾಳ ಕಾಗದಗಳನ್ನು ತೆಗೆದುಕೊಂಡು ಕೂತೆ. ಹದಿನಾಲ್ಕು ಪುಟದಲ್ಲೂ ನಾನು ಹೊಡೆದ ಖಾಲಾಗಳು. ಆ ಹುಡುಗಿಯ "ಹೌದ್ರಿ ಮೇಡಂ" ಮತ್ತು ಕಾಕಾನ "ಆತು ಬಿಡು" ಒಂದೇ ಎಂದು ತಿಳಿಯಲು ನನಗೆ ಮೂರು ಸೀನು ಬೇಕಾಯಿತು. ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ಕರಡು ತಿದ್ದುವವರು ತಪ್ಪಾಗಿ ಹೊಡೆದದ್ದನ್ನು ಉಳಿಸಲು ಕೆಳಗೆ ಚುಕ್ಕಿ ಇಟ್ಟು "ಇರಲಿ" ಎಂದು ಬರೆಯುತ್ತಾರೆ. ಒಂದೊಂದು ಖಾಲಾಳ ಕೆಳಗೂ ಚುಕ್ಕಿ ಇಟ್ಟು ಬರೆದೆ: ಇರಲಿ. ಇರಲಿ. ಇರಲಿ.

ಮರುದಿನ ರೇಷ್ಮಾ ಬಂದಳು. ಕಾಗದ ತಿರುವಿ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದಳು. "ರೀ ಮೇಡಂ, ಆದ್ರ ನಮ್ಮ ಖಾಲಾ ಏನಂತಾರ ಗೊತ್ತೇನ್ರಿ? ಇದು ನಾ ಹೇಳಿದ್ದಲ್ಲ, ನಮ್ಮ ಅತ್ತಿ ಹೇಳಿದ್ದು ಅಂತಾರ."

"ಹಂಗಾರ ಅವರನ್ನೂ ಹಾಕು. ಎಲ್ಲಿ ಕೂತು ಹೇಳಿದ್ರು ಅನ್ನೂದನ್ನೂ ಹಾಕು."

"ಮಗ್ಗದ ಮುಂದ ಕೂತು ರೀ." ಬರೆದುಕೊಂಡಳು. ಪೆನ್ನು ನಿಂತಿತು. "ಹಿಂಗ ಬರೀಬೇಕು ಅಂತ ಯಾರ ಹೇಳ್ಯಾರಂತ ಕೇಳಿದ್ರ, ನಿಮ್ಮ ಹೆಸರು ಹೇಳ್ಲೇನ್ರಿ?"

"ನಾ ಹೇಳಿದ್ದಲ್ಲವಾ. ಬರಕೋ: ಬದನಿಕಾಯಿ, ಫಕೀರಪ್ಪ. ಸಂಶಿ."

ಬರೆದುಕೊಂಡಳು, ಅಡ್ಡಹೆಸರು ಮುಂದಿಟ್ಟು, ಅಲ್ಪವಿರಾಮ ತಪ್ಪದೆ. ಒಳ್ಳೆಯ ಹುಡುಗಿ, ನಗಲಿಲ್ಲ. "ಅವರನ್ನ ಒಮ್ಮೆ ಭೇಟಿ ಆಗಬೇಕ್ರಿ ಮೇಡಂ. ಊರಾಗ ಅದಾರೇನ್ರಿ?" ಎಂದಳು.

"ಹೋದ್ರವಾ."

"ಎಲ್ಲಿಗ್ರಿ?"

ನಾನು ಕಿಟಕಿಯ ಆಚೆ ನೋಡಿದೆ. ರಸ್ತೆಯಲ್ಲಿ ನಾಲ್ಕು ಗಂಟೆಯ ಬಸ್ಸು ನಿಂತು ಮಂದಿಯನ್ನು ಇಳಿಸುತ್ತಿತ್ತು.

"ಹುಬ್ಬಳ್ಳಿಗೆ" ಎಂದೆ. ಇದೊಂದು ಮಾತಿಗೆ ಮಾತ್ರ ನನ್ನ ಹತ್ತಿರ ಆಧಾರವಿಲ್ಲ.